ಅವತ್ತು ತಾತ ಔಷಧ ಕೊಡಲಿಲ್ಲ

ಕಳೆದ ಮಳೆಗಾಲದ ಮಾತು. ಬೆಂಗಳೂರಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಊರಿಂದ ಅವ್ವನ ವಿಡಿಯೋ ಕಾಲ್. ನಮ್ಮವ್ವ ಸುಮ್ಮಸುಮ್ಮನೆ ಮಧ್ಯಾಹ್ನ ಫೋನ್ ಮಾಡೋಳಲ್ಲ. ಎತ್ತಿದರೆ ಫೋನನ್ನು ಸೀದಾ ಅಕ್ಕನ ಮುಖಕ್ಕೆ ಹಿಡಿದು ಕೇಳಿದಳು: "ತಮ್ಮಾ, ನೋಡಪ್ಪಾ, ಇಕಿ ಕಣ್ಣು ಹಳದಿ ಆಗ್ಯಾವೋ ಇಲ್ಲೋ? ನಿಮ್ಮಪ್ಪ ಬೆಳಕಿಗೆ ಹಂಗ ಕಾಣ್ತಾವ ಅಂತಾನ."

ಫೋನಿನ ಸ್ಕ್ರೀನ್‌ನಲ್ಲೂ ಗೊತ್ತಾಗುವಷ್ಟು ಹಳದಿ ಇದ್ದವು.

ಅಕ್ಕ ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಹಿಂದಿನ ವಾರ ಪೂರ್ತಿ ವಾಂತಿ, ಸುಸ್ತು, ಅನ್ನ ಕಂಡರೆ ಆಗದು. ಒಂದು ಖಾಸಗಿ ಕ್ಲಿನಿಕ್‌ಗೆ ತೋರಿಸಿಯೂ ಆಗಿತ್ತು. ಅಲ್ಲಿ ಎರಡು ನಿಮಿಷದಲ್ಲಿ "ಬಸುರಿಯರಿಗೆ ಗ್ಯಾಸ್ ಸಹಜ" ಅಂತ ಹೇಳಿ ಗುಳಿಗೆ ಬರೆದು ಕಳಿಸಿದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿದ್ರಾ ಅಂತ ಕೇಳಿದೆ. ಇಲ್ಲವಂತೆ.

"ಕಾಮಣಿ ಆಗೈತಿ, ನಾಳೆ ಮುಂಜಾನೆ ತಾತನ ಹತ್ರ ಕರಕೊಂಡು ಹೊಕ್ಕೀವಿ" ಅಂದಳು ಅವ್ವ. ನಾನು ಬೇಡ ಅಂದೆ. ಸಿಂಧನೂರಿಗೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ, ಗಿಡಮೂಲಿಕೆ ಗಿಡಮೂಲಿಕೆ ಅಂತ ಕೂಡಬೇಡ್ರಿ ಅಂತ ಕೂಗಾಡಿದೆ. ಅವ್ವ ಒಂದೇ ಮಾತು ಹೇಳಿದಳು: "ನಿನ್ನ ಕಾಮಣಿ ಇಳಿಸಿದಾತ ಯಾರಪ್ಪಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮೂರು ಮುಕ್ಕುಂದ. ಸಿಂಧನೂರು ತಾಲೂಕು, ತುಂಗಭದ್ರಾ ಹೊಳೆಯ ಕಡೆ. ಆರನೇ ಕ್ಲಾಸಿನಲ್ಲಿದ್ದಾಗ ನನಗೂ ಕಾಮಣಿ ಆಗಿತ್ತು. ಬೆಂಗಳೂರಿನ ಗೆಳೆಯರು ಕಾಮಾಲೆ, ಜಾಂಡೀಸ್ ಅಂತಾರೆ, ನಮ್ಮ ಕಡೆ ಕಾಮಣಿ. ಹತ್ತಿರದ ಊರಿನಲ್ಲಿ ಒಬ್ಬರು ತಾತ ಅದಕ್ಕೆ ಔಷಧ ಕೊಡುತ್ತಾರೆ. ಹೆಸರು ಬೇಡ. ಅವರಿಗೆ ಬೋರ್ಡಿಲ್ಲ, ಫೀ ಇಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟರೆ ಸಾಕು. ದುಡ್ಡು ತಗೊಂಡರೆ ಕೈಗುಣ ಹೋಗುತ್ತೆ ಅನ್ನೋದು ಅವರ ನಂಬಿಕೆ.

ಹೊರಗಿನಿಂದ ನೋಡಿದವರಿಗೆ ನಾಟಿ ವೈದ್ಯ ಅಂದ್ರೆ ಒಂದು ಹಿಡಿ ಸೊಪ್ಪು. ಆದರೆ ಸೊಪ್ಪಿನ ಸರದಿ ಬರೋದು ಕೊನೆಗೆ. ತಾತ ಮೊದಲು ರೋಗಿಯನ್ನು ಅಂಗಳದಲ್ಲಿ, ಬಿಸಿಲ ಬೆಳಕಿನಲ್ಲಿ ಕೂಡಿಸುತ್ತಾರೆ. ಟ್ಯೂಬ್‌ಲೈಟ್ ಬೆಳಕಲ್ಲಿ ಹಳದಿ ತಿಳಿಯೋದಿಲ್ಲ ಅಂತ. ಕೆಳಗಿನ ರೆಪ್ಪೆ ಎಳೆದು ನೋಡುತ್ತಾರೆ. ಒಳಗೆ ಬೆಳ್ಳಗಿದ್ದರೆ ರಕ್ತ ಕಡಿಮೆ ಅಂತ ಲೆಕ್ಕ. ನಾಲಿಗೆ ಚಾಚು ಅಂತಾರೆ, ಉಗುರು ಒತ್ತಿ ಬಿಡುತ್ತಾರೆ. ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಒತ್ತಿ ಮುಖ ನೋಡುತ್ತಾರೆ. ಉಚ್ಚಿಯಲ್ಲಿ ಬಿಳಿ ಬಟ್ಟೆ ಅದ್ದಿಸಿ, ಒಣಗಿದ ಮೇಲೆ ಕಲೆ ಎಂಥಾದ್ದು ಅಂತ ಪರೀಕ್ಷಿಸುತ್ತಾರೆ. ಕೆಲವು ಕಡೆ ಬಟ್ಟೆಯ ಬದಲು ಅಕ್ಕಿ ಕಾಳು ನೆನೆಸಿ ಬಣ್ಣ ನೋಡುವವರೂ ಇದ್ದಾರೆ.

ಇದನ್ನು ನಗೋದಕ್ಕೆ ಮುಂಚೆ ಒಂದು ವಿಷಯ. ಲ್ಯಾಬಿನಲ್ಲಿ ಮೂತ್ರಕ್ಕೆ ಅದ್ದುವ ಬಣ್ಣದ ಪಟ್ಟಿ ಇರುತ್ತಲ್ಲ, ಅದರಲ್ಲಿ ಒಂದು ಚೌಕ ನೋಡೋದೂ ಇದೇ ಬಿಲಿರುಬಿನ್ ಅನ್ನು. ಲಿವರ್ ಸೊರಗಿದಾಗ, ಪಿತ್ತದ ದಾರಿ ಕಟ್ಟಿಕೊಂಡಾಗ ಅದು ಮೂತ್ರಕ್ಕೆ ಇಳಿಯುತ್ತದೆ. ರಕ್ತಕಣಗಳು ಬೇಗ ಒಡೆದು ಬರುವ ಕಾಮಾಲೆಯಲ್ಲಿ ಸಾಮಾನ್ಯವಾಗಿ ಇಳಿಯೋದಿಲ್ಲ. ಅಂದರೆ ತಾತನ ಬಿಳಿ ಬಟ್ಟೆಯಲ್ಲೂ ಸ್ವಲ್ಪ ವಿಜ್ಞಾನ ಇದೆ. ಎಷ್ಟು ಪ್ರಮಾಣ ಅಂತ ಮಾತ್ರ ಅದು ಹೇಳಲಾರದು.

ಆಯುರ್ವೇದದ ಪುಸ್ತಕಗಳಲ್ಲೂ ಇದೇ ಕ್ರಮ ಇದೆ. ವಾಗ್ಭಟನ ಅಷ್ಟಾಂಗ ಹೃದಯ ಮೂರು ದಾರಿ ಹೇಳುತ್ತದೆ: ನೋಡುವುದು, ಮುಟ್ಟುವುದು, ಕೇಳುವುದು. ಯೋಗರತ್ನಾಕರದ ಅಷ್ಟವಿಧ ಪರೀಕ್ಷೆಯಲ್ಲಿ ನಾಡಿ, ಮೂತ್ರ, ಮಲ, ನಾಲಿಗೆ, ಧ್ವನಿ, ಸ್ಪರ್ಶ, ಕಣ್ಣು, ಆಕೃತಿ ಅಂತ ಎಂಟು. ನಾಡಿ ನೋಡುವಾಗ ಮೂರು ಬೆರಳು ಇಡುತ್ತಾರೆ. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರ ಬೆರಳಿಗೆ ಕಫ ಸಿಗುತ್ತದೆ ಅನ್ನೋದು ಲೆಕ್ಕ. ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ. ನಾಡಿ ಹಿಡಿದು ರೋಗ ಹೇಳುವ ಪದ್ಧತಿ ಶಾರ್ಙ್ಗಧರ ಸಂಹಿತೆಯ ಕಾಲಕ್ಕೆ, ಅಂದರೆ ಸುಮಾರು 13–14ನೇ ಶತಮಾನದ ಹೊತ್ತಿಗೆ, ಪುಸ್ತಕದಲ್ಲಿ ಸೇರಿದ್ದು. ನಮ್ಮ 12ನೇ ಶತಮಾನದ ವಚನಕಾರರಲ್ಲಿ ವೈದ್ಯ ಸಂಗಣ್ಣ ಅಂತಲೇ ಒಬ್ಬರಿದ್ದರು. ವೃತ್ತಿಯ ಮಾತನ್ನೇ ವಚನಕ್ಕೂ ತಂದವರು.

ತಾತ ಇದ್ಯಾವ ಪುಸ್ತಕವನ್ನೂ ಓದಿದವರಲ್ಲ. ಅವರಪ್ಪನ ಬೆನ್ನ ಹಿಂದೆ ಬದುವಿನ ಮೇಲೆ ಓಡಾಡಿ ಕಲಿತವರು. ನಾಡಿಯನ್ನೂ ಹಿಡಿಯುತ್ತಾರೆ, ಆದರೆ ಅದರಲ್ಲೇ ಎಲ್ಲ ತಿಳಿದೀತು ಅಂತ ಅವರು ನಂಬೋದಿಲ್ಲ. "ನಾಡಿ ಹಿಡಿಯೋದು ಅವರ ಅಂಜಿಕಿ ಕಡಿಮಿ ಆಗ್ಲಿ ಅಂತ. ರೋಗ ಹೇಳೋದು ಬಾಯಿ" ಅಂತ ಒಮ್ಮೆ ನನಗೇ ಹೇಳಿದ್ದರು.

ಬಾಯಿ ಅಂದರೆ ಪ್ರಶ್ನೆ. ಕಾಮಣಿ ಅಂತ ಬಂದವರಿಗೆ ತಾತ ನಾಲ್ಕು ಪ್ರಶ್ನೆ ಕೇಳೇ ಕೇಳುತ್ತಾರೆ.

ಒಂದು, ಮೊದಲು ಜ್ವರ ಬಂದಿತ್ತಾ, ಮೀನಖಂಡ ಹಿಂಡಿದಂಗೆ ನೋಯುತ್ತಾ?

ಎರಡು, ಕಕ್ಕಸು ಯಾವ ಬಣ್ಣ? ಸುಣ್ಣದ ಹಂಗೆ ಬೆಳ್ಳಗೆ ಹೋಗುತ್ತಾ, ಮೈ ತುರಿಸುತ್ತಾ?

ಮೂರು, ಕುಡಿತೀಯಾ? ಯಾವ ಗುಳಿಗೆ ನುಂಗುತ್ತಿದ್ದೀಯಾ?

ನಾಲ್ಕನೆಯದನ್ನು ರೋಗಿಗೆ ಕೇಳೋದಿಲ್ಲ, ಜೊತೆಗೆ ಬಂದವರಿಗೆ: ರಾತ್ರಿ ನಿದ್ದೆ ಹೆಂಗೈತಿ, ಮಾತು ಸರಿ ಐತೇನು, ಮನಿ ಮಂದಿ ಗುರುತು ಹಿಡಿತಾನೇನು?

ಹೆಣ್ಣುಮಕ್ಕಳಾದರೆ ಇನ್ನೊಂದು ಸೇರುತ್ತೆ: ಎಷ್ಟು ತಿಂಗಳು?

ಮರುದಿನ ಅಕ್ಕನನ್ನು ಕರಕೊಂಡು ಹೋದಾಗ ಮಾತು ಈ ಕೊನೇ ಪ್ರಶ್ನೆಯಲ್ಲೇ ಮುಗಿಯಿತಂತೆ. ಅವ್ವ ಹೇಳಿದ್ದು: ತಾತ ಕಣ್ಣು ನೋಡಿದರು, ತಿಂಗಳು ಕೇಳಿದರು, ಎದ್ದು ನಿಂತೇಬಿಟ್ಟರು. "ತಂಗೀ, ಇದು ನನ್ನ ಕೈಯಾಗಿನ ಕೆಲಸ ಅಲ್ಲ. ಒಂದು ಎಲಿ ಸೈತ ಕೊಡಾಂಗಿಲ್ಲ. ಇಲ್ಲಿಂದ ಸೀದಾ ದೊಡ್ಡ ದವಾಖಾನಿಗೆ ಹೋಗ್ರಿ. ಮನಿಗೆ ಹೋಗಿ ಬಟ್ಟಿ ತಗೊಂಡು ಹೊಕ್ಕೀವಿ ಅಂತ ತಡ ಮಾಡಬ್ಯಾಡ್ರಿ." ಅಪ್ಪ ಬೇಜಾರಿನಿಂದ ಇಷ್ಟು ದೂರ ಬಂದೀವಿ, ಏನಾದ್ರೂ ಕೊಡ್ರಿ ಅಂದಿದ್ದಕ್ಕೆ, ಬೈದರಂತೆ.

ನಾನು ಒಂದು ದಿನ ಕೂಗಾಡಿ ಆಗದ ಕೆಲಸ ತಾತನ ಒಂದು ಮಾತಿನಲ್ಲಿ ಆಯಿತು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಆಸ್ಪತ್ರೆಯಲ್ಲಿದ್ದಳು.

ಬಿಲಿರುಬಿನ್ 9 ಚಿಲ್ಲರೆ ಇತ್ತು. ನಮ್ಮ ನಿಮ್ಮಂಥವರಿಗೆ 1ರ ಆಸುಪಾಸು ಇರಬೇಕು. ಎರಡು ದಿನದಲ್ಲಿ ವರದಿ ಬಂತು, ಹೆಪಟೈಟಿಸ್ ಇ. ಕೊಳಕು ಸೇರಿದ ಕುಡಿಯುವ ನೀರಿನಿಂದ ಬರುವ ವೈರಸ್. ಹೆಚ್ಚಿನವರಿಗೆ ಇದು ಕೆಲವು ವಾರ ಕಾಡಿ ತಾನಾಗಿ ಹೋಗುತ್ತದೆ. ಆದರೆ ಬಸುರಿಯರ ಲೆಕ್ಕವೇ ಬೇರೆ. ಕೊನೆಯ ಮೂರು ತಿಂಗಳಲ್ಲಿ ಇದು ತಗಲಿದರೆ ನೂರಕ್ಕೆ 20ರಿಂದ 25 ತಾಯಂದಿರ ಜೀವ ಹೋಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಇದನ್ನು ರಾತ್ರಿ ಸಿಂಧನೂರು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿದೆ. ಓದಬಾರದಿತ್ತು ಅನಿಸಿತು.

ಆಸ್ಪತ್ರೆಯಲ್ಲೂ ಈ ವೈರಸ್ಸಿಗೆ ಅಂತ ಇಂಜೆಕ್ಷನ್ ಏನೂ ಕೊಡಲಿಲ್ಲ. ದಿನಾ ರಕ್ತ ತೆಗೆದು, ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುತ್ತಿದ್ದರು. ಆ ಅಂಕಿ ಏರಿದರೆ ಲಿವರ್ ಕೈಕೊಡುತ್ತಿದೆ ಅಂತ ಅರ್ಥ. ಸಕ್ಕರೆ ಅಂಶ, ಮಗುವಿನ ಎದೆಬಡಿತ, ಅಕ್ಕ ಮಾತು ಸರಿಯಾಗಿ ಆಡ್ತಾಳಾ ಅಂತ ನಿಗಾ. ನರ್ಸ್ ಬಂದು "ಅಕ್ಕಾರ, ಇವತ್ತು ಯಾವ ವಾರ?" ಅಂತ ಕೇಳೋರು. ತಾತನ ನಾಲ್ಕನೇ ಪ್ರಶ್ನೆ! ಒಂಬತ್ತನೇ ದಿನ ಅಂಕಿ ಇಳಿಯತೊಡಗಿದಾಗ ಅವ್ವ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಅಕ್ಕ ಉಳಿದಳು. ಹೆರಿಗೆ ಸ್ವಲ್ಪ ಮುಂಚೆ ಆಯಿತು, ಹೆಣ್ಣು ಕೂಸು.

ಆಮೇಲೆ ಊರಿಗೆ ಹೋದಾಗ ಪೇಡೆ ತಗೊಂಡು ತಾತನ ಮನೆಗೆ ಹೋದೆ. ಬಸುರಿಯರಿಗೆ ಕೊಡಬಾರದು ಅಂತ ನಿಮ್ಮಪ್ಪ ಹೇಳಿಕೊಟ್ಟಿದ್ರಾ ಅಂತ ಕೇಳಿದೆ. ಅದು ಅಪ್ಪನಿಂದ ಬಂದದ್ದು, ಮಿಕ್ಕ ಪ್ರಶ್ನೆಗಳು ಪೆಟ್ಟು ತಿಂದು ಕಲಿತದ್ದು ಅಂದರು.

ವರ್ಷಗಳ ಹಿಂದೆ ಭತ್ತ ನಾಟಿಗೆ ಬಂದ ಒಬ್ಬ ಹುಡುಗನನ್ನು ಅವರ ಹತ್ತಿರ ತಂದಿದ್ದರಂತೆ. ಜ್ವರ, ಕಣ್ಣು ಹಳದಿ, ಜೊತೆಗೆ ಕೆಂಪು. ನಡೆಯಕ್ಕೆ ಆಗದಷ್ಟು ಮೀನಖಂಡ ನೋವು. ಕಾಮಣಿ ಅಂತ ಮೂರು ದಿನ ಔಷಧ ಕೊಟ್ಟರು. ನಾಲ್ಕನೇ ದಿನ ಉಚ್ಚಿ ನಿಂತಿತು. ರಾಯಚೂರು ಮುಟ್ಟಲಿಲ್ಲ. "ನಾನು ಬಣ್ಣ ನೋಡಿದ್ನಪ್ಪಾ, ರೋಗ ನೋಡ್ಲಿಲ್ಲ" ಅಂದರು. ಬಹಳ ಹೊತ್ತು ಸುಮ್ಮನಿದ್ದರು.

ಅದೇನು ಅಂತ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಕೇಳಿದ ಯಾವ ಡಾಕ್ಟರಿಗೂ ಮೊದಲು ಹೊಳೆಯೋದು ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ ಮೂತ್ರ ಸೇರಿದ ನೀರಿನಲ್ಲಿ, ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ದುಡಿಯುವವರಿಗೆ ಬರುವ ರೋಗ. ಬೇಗ ತಿಳಿದರೆ ಸಾಮಾನ್ಯ ಆಂಟಿಬಯಾಟಿಕ್‌ಗಳೇ ಕೆಲಸ ಮಾಡುತ್ತವೆ. ನಮ್ಮದು ಭತ್ತದ ಸೀಮೆ. ಹಾಗಾಗಿ ಇದನ್ನು ನಾವು ನೆನಪಿಡಲೇಬೇಕು.

ಅಸಲು ವಿಷಯ ಇಲ್ಲೇ ಇದೆ. ಕಾಮಣಿ ಅನ್ನೋದು ರೋಗ ಅಲ್ಲ, ಒಂದು ಗುರುತು. ವೈರಸ್ಸು, ಇಲಿಜ್ವರ, ಪಿತ್ತನಾಳದ ಕಲ್ಲು, ಕುಡಿತ, ಹೆಚ್ಚಾದ ಪ್ಯಾರಾಸಿಟಮಾಲ್, ಟಿಬಿ ಗುಳಿಗೆ, ಗಡ್ಡೆ, ಎಲ್ಲದಕ್ಕೂ ಕಣ್ಣು ಒಂದೇ ಥರ ಹಳದಿ ಆಗುತ್ತೆ. ತಾತನ ಪ್ರಶ್ನೆಗಳು ಇವನ್ನು ಬೇರೆ ಬೇರೆ ಮಾಡುವ ಜರಡಿ. ಕಕ್ಕಸು ಬೆಳ್ಳಗಾಗಿ ಮೈ ತುರಿಸಿದರೆ ಪಿತ್ತದ ದಾರಿ ಕಟ್ಟಿರಬಹುದು, ಅದಕ್ಕೆ ಸೊಪ್ಪು ಅಲ್ಲ, ಸ್ಕ್ಯಾನಿಂಗ್ ಬೇಕು. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲು ಶುರುವಾದರೆ ಲಿವರ್ ಸೋಲುತ್ತಿದೆ. ಜರಡಿಯಲ್ಲಿ ಉಳಿದವರಿಗೆ ಮಾತ್ರ ಈಗ ತಾತನ ಔಷಧ.

ಹಾಗಾದ್ರೆ ನನ್ನ ಕಾಮಣಿ ಹೋಗಿದ್ದು ಯಾತರಿಂದ?

ಮೂರು ಮುಂಜಾನೆ ಬರಿಹೊಟ್ಟೆಯಲ್ಲಿ ಮಜ್ಜಿಗೆಯಲ್ಲಿ ಅರೆದ ಸೊಪ್ಪು ಕುಡಿಸಿದ್ದರು. ಗಿಡದ ಹೆಸರು ಹೇಳಿದರೆ ಗುಣ ಹೋಗುತ್ತೆ ಅನ್ನೋದು ಇವರಲ್ಲೂ ಇದೆ. ಆದರೆ ನೆಲನೆಲ್ಲಿ ಅಂತ ಊರಿಗೆಲ್ಲ ಗೊತ್ತು. ಗೇಣುದ್ದದ ಗಿಡ, ಎಲೆಯ ಕೆಳಗೆ ಸಾಲಾಗಿ ಸಾಸಿವೆಯಂಥ ಕಾಯಿ. ಕೆಲವರು ಔಡಲದ ಎಲೆ ರಸ, ಗರಗದ ಸೊಪ್ಪೂ ಕೊಡುತ್ತಾರೆ.

ಈ ನೆಲನೆಲ್ಲಿಯ ಕಥೆ ನಮ್ಮ ಬದು ದಾಟಿ ಬಹಳ ದೂರ ಹೋಗಿದೆ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಮ್‌ಬರ್ಗ್ ಇದ್ದಾರಲ್ಲ, ಅವರು ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಅವರ ತಂಡದ ಜೊತೆ ಸೇರಿ ಇದೇ ಗಿಡವನ್ನು ಪರೀಕ್ಷಿಸಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನೆಲನೆಲ್ಲಿ ತಗೊಂಡ 37 ಮಂದಿಯಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆ! ಸುಳ್ಳು ಮಾತ್ರೆ ತಗೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಜಗತ್ತೇ ತಿರುಗಿ ನೋಡಿತು. ಆದರೆ ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಇವತ್ತಿಗೂ ಹೆಪಟೈಟಿಸ್‌ಗೆ ಅದು ಮದ್ದು ಅಂತ ಗಟ್ಟಿಯಾಗಿ ಹೇಳಲು ಪುರಾವೆ ಸಾಲದು.

ನನಗೆ ಬಂದಿದ್ದು ಬಹುಶಃ ಹೆಪಟೈಟಿಸ್ ಎ. ಮಕ್ಕಳಿಗೆ ಸಾಮಾನ್ಯವಾಗಿ ಬರೋದು, ತಾನಾಗೇ ಹೋಗೋದು. ಸೊಪ್ಪು ಕುಡಿಸದಿದ್ದರೂ ಹೋಗುತ್ತಿತ್ತೇನೋ. ಹಾಗಂತ ತಾತ ಏನೂ ಮಾಡಲಿಲ್ಲ ಅಂತ ಹೇಳಲಾರೆ. ಹದಿನೈದು ದಿನ ಶಾಲೆ ಬಿಡಿಸಿ ಮಲಗಿಸಿದರು. ಕಾಯಿಸಿ ಆರಿಸಿದ ನೀರೇ ಕುಡಿಯಬೇಕು ಅಂತ ಆಣೆ ಹಾಕಿಸಿದರು. ಸಂತೆಯ ಕಬ್ಬಿನ ಹಾಲು ಬಂದ್. ಜೋಳದ ನುಚ್ಚು, ಮಜ್ಜಿಗೆ. ಅವ್ವನ ಅಳು ನಿಲ್ಲಿಸಿದರು. ದಿನ ಬಿಟ್ಟು ದಿನ ಕರೆಸಿ ಕಣ್ಣು ನೋಡಿದರು. ಇವತ್ತಿನ ಯಾವ ಆ್ಯಪ್ ಇಷ್ಟು ಫಾಲೋ ಅಪ್ ಮಾಡುತ್ತೆ ಹೇಳಿ. ಪಥ್ಯದಲ್ಲಿ ಒಂದು ತಕರಾರು ಮಾತ್ರ ಇದೆ. ಎಣ್ಣೆ, ಉಪ್ಪು, ಕಾಳು ಎಲ್ಲ ಬಿಡಿಸಿ ಸೊರಗಿಸಬೇಡಿ, ಹಿಡಿಸುವಷ್ಟು ಊಟ ಕೊಡಿ ಅಂತಾರೆ ಈಗಿನ ಡಾಕ್ಟರುಗಳು. ಬಿಡಲೇಬೇಕಾದ್ದು ಹೆಂಡ.

ತಾತನಿಗೆ ಎಂಬತ್ತು ಹತ್ತಿರ. ಮಗ ರಸಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಇದರ ಗೊಡವೆಗೆ ಬಂದಿಲ್ಲ. ಕಾನೂನೂ ಅವರ ಕಡೆ ಇಲ್ಲ. ಪದವಿ, ನೋಂದಣಿ ಇಲ್ಲದ ಪಾರಂಪರಿಕ ವೈದ್ಯರು ಚಿಕಿತ್ಸೆ ಮಾಡುವಂತಿಲ್ಲ ಅಂತ ಕೇರಳದ ಒಂದು ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಕಡೆ, ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಇಂಥವರ ಅರಿವನ್ನು ದಾಖಲಿಸುತ್ತಾ ಬಂದಿದೆ. ಹಳ್ಳಿ ವೈದ್ಯರ ಕೌಶಲ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಒಂದು ಸ್ವಯಂಪ್ರೇರಿತ ಯೋಜನೆಯೂ ದೇಶದಲ್ಲಿದೆ. ಅದು ಡಾಕ್ಟರಿಕೆಯ ಲೈಸೆನ್ಸ್ ಅಲ್ಲ.

ಗಿಡವೂ ಸಿಗುತ್ತಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯ ಆಗಿ, ಎಡದಂಡೆ ಕಾಲುವೆ ನೀರು ಬಂದ ಮೇಲೆ ನಮ್ಮ ಜೋಳದ ಹೊಲ ಭತ್ತದ ಗದ್ದೆ ಆದವು. ಉಣ್ಣೋಕೆ ಅನ್ನ ಸಿಕ್ಕಿತು, ಸುಳ್ಳಲ್ಲ. ಆದರೆ ಬದುವಿಗೆಲ್ಲ ಕಳೆನಾಶಕ ಹೊಡೆಯುತ್ತಾರೆ. ನೆಲನೆಲ್ಲಿ, ಗರಗ ಎರಡೂ ಲೆಕ್ಕದಲ್ಲಿ ಕಳೆಯೇ. ಹಾಗಾಗಿ ತಾತ ಈಗ ಗದ್ದೆ ಬದುವಿನ ಸೊಪ್ಪು ಮುಟ್ಟೋದೇ ಇಲ್ಲ. "ಔಷಧದಾಗ ಔಷಧ ಸೇರಿರ್ತೈತಿ" ಅಂತ ನಗುತ್ತಾರೆ. ನಮ್ಮ ಕಡೆ ಎರಡಕ್ಕೂ ಔಷಧ ಅಂತಲೇ ಅನ್ನೋದು. ಪಕ್ಕದ ಮಸ್ಕಿಯ ಶಾಸನದಲ್ಲಿ ಹೆಸರು ಸಿಕ್ಕ ಅಶೋಕ, ಗಿರ್ನಾರಿನ ಬಂಡೆಯಲ್ಲಿ ಮನುಷ್ಯರಿಗೂ ದನಕರುಗಳಿಗೂ ಬೇಕಾದ ಮದ್ದಿನ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದೆ ಅಂತ ಬರೆಸಿದ್ದಾನೆ. ತಾತ ಹಿತ್ತಲಲ್ಲಿ ನಾಲ್ಕು ಮಡಿ ಮಾಡಿ ಅದನ್ನೇ ಮಾಡಿದ್ದಾರೆ.

ಊರು ಬಿಟ್ಟು ದುಡಿಯೋಕೆ ಬಂದ ನನ್ನಂಥವರಿಗೆ ಎರಡು ಮಾತು. ಅಪ್ಪ ಅವ್ವ ನಾಟಿ ವೈದ್ಯರ ಹತ್ತಿರ ಹೋಗ್ತಾರೆ, ನಾವು ಫೋನಲ್ಲಿ ಬೈದರೆ ನಿಲ್ಲೋದಿಲ್ಲ. ಹೇಳದೆ ಹೋಗ್ತಾರೆ, ಅದು ಇನ್ನೂ ಅಪಾಯ. ಹೋಗಲಿ, ಆದರೆ ಇಷ್ಟು ಮಾಡಿಸಿ: ಮೊದಲು ರಕ್ತ ಪರೀಕ್ಷೆ ಆಗಲಿ. ಏನು ಕೊಟ್ಟರು, ಎಷ್ಟು ದಿನ ಅಂತ ಬರೆದಿಡಿ, ಸೊಪ್ಪಿನ ಫೋಟೋ ತೆಗೆಯಿರಿ, ಡಾಕ್ಟರ ಮುಂದೆ ಮುಚ್ಚಿಡಬೇಡಿ. ಈಗಾಗಲೇ ನುಂಗುತ್ತಿರುವ ಬಿಪಿ, ಶುಗರ್, ಟಿಬಿ ಗುಳಿಗೆ ಹೇಳದೆ ಕೇಳದೆ ಬಿಡಿಸಬೇಡಿ. ಹೆಸರಿಲ್ಲದ ಪುಡಿ, ಭಸ್ಮ ಬೇಡ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಅಂಗಡಿಯಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನ ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಮತ್ತೆ ನಾವೂ ಸಾಚಾ ಅಲ್ಲ. ಕೋವಿಡ್ ಕಾಲದಲ್ಲಿ ವಾಟ್ಸಾಪ್ ನೋಡಿ ತಿಂಗಳುಗಟ್ಟಲೆ ಅಮೃತಬಳ್ಳಿ ಕಷಾಯ ಕುಡಿದವರು ನಾವೇ ಅಲ್ವಾ? ಅದನ್ನು ಕುಡಿದ ಆರು ಜನರ ಲಿವರ್‌ಗೆ ಪೆಟ್ಟಾಗಿದೆ ಅಂತ 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಬೇರೆ ಬಳ್ಳಿ ಬೆರೆತಿರಬಹುದು ಅಂದಿತು. ಯಾರದ್ದೇ ಸರಿ ಇರಲಿ, ತಾತ ಆಗಿದ್ದರೆ ಮೊದಲು ಬಳ್ಳಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು, ಆಮೇಲೆ ನಮ್ಮ ಮುಖ. ವಾಟ್ಸಾಪ್ ಎರಡನ್ನೂ ನೋಡಲ್ಲ.

ಇನ್ನು ಕಾಮಣಿ ಜೊತೆಗೆ ಇವುಗಳಲ್ಲಿ ಒಂದಿದ್ದರೂ ಸೀದಾ ಆಸ್ಪತ್ರೆ: ಬಸುರಿ, ಹಸುಗೂಸು, ಜೋರು ಜ್ವರ, ಮೂತ್ರ ಕಡಿಮೆ, ನಿಲ್ಲದ ವಾಂತಿ, ಬೆಳ್ಳನೆ ಮಲ, ಎಲ್ಲಿಂದಾದರೂ ರಕ್ತ, ಮಾತು ಅಥವಾ ನಿದ್ದೆ ಏರುಪೇರು. ಊರಿನ ಗ್ರೂಪಿಗೆ ಇದೊಂದನ್ನು ಫಾರ್ವರ್ಡ್ ಮಾಡಿದರೆ ಸಾಕು.

ಪೇಡೆ ಕೊಟ್ಟು ಹೊರಟಾಗ ತಾತ ಕೂಸಿನ ಫೋಟೋ ತೋರಿಸು ಅಂದರು. ಫೋನ್ ಕೊಟ್ಟೆ. ಅಂಗಳಕ್ಕೆ ಬಂದು, ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಏನು ನೋಡ್ತೀರಿ ತಾತ ಅಂದೆ.

"ಕಣ್ಣು" ಅಂದರು. "ಬೆಳ್ಳಗದಾವ. ಚೊಲೋ ಆತು."